ರಾತ್ರಿ ಅಡುಗೆಗೆ ಯಾವ ಕುಕ್ಕರ್: ಒಲೆಯ ಮೇಲಿನದ್ದೋ, ಕರೆಂಟಿನದ್ದೋ?

ಕೆಲಸ ಮುಗಿಸಿ ಮನೆ ಸೇರುವಾಗ ಏಳು ಗಂಟೆ. ಎಂಟಕ್ಕೆ ನಾಲ್ಕು ಜನರಿಗೆ ಬಿಸಿ ಅನ್ನ, ಸಾರು, ಒಂದು ಪಲ್ಯ ಆಗಬೇಕು. ಈ ಒಂದು ಗಂಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಎರಡು ಪಾತ್ರೆಗಳನ್ನು ಹೋಲಿಸಬಹುದು. ಒಂದು, ಗ್ಯಾಸ್ ಒಲೆಯ ಮೇಲೆ ಇಡುವ ಐದು ಲೀಟರಿನ ಪ್ರೆಶರ್ ಕುಕ್ಕರ್, ಒಳಗೆ ಎರಡು ಡಬ್ಬಿ ಸಮೇತ; ಪ್ರೆಸ್ಟೀಜ್, ಹಾಕಿನ್ಸ್‌ನಂಥವು. ಇನ್ನೊಂದು, ಆರು ಲೀಟರಿನ ಆಸುಪಾಸಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್. ಕೆನಡಾದಲ್ಲಿ ಹುಟ್ಟಿ 2010ರಲ್ಲಿ ಮಾರುಕಟ್ಟೆಗೆ ಬಂದ ಇನ್‌ಸ್ಟಂಟ್ ಪಾಟ್ ಮಾದರಿಯದ್ದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅನ್ನ, ಬೇಳೆ ಸಾರು, ಹುಳಿ ಉಣ್ಣುವ ಮನೆಗೆ ಒಲೆಯ ಕುಕ್ಕರೇ ಸರಿ. ಅದು ಹತ್ತು ನಿಮಿಷ ಬೇಗ ಮುಗಿಸುತ್ತದೆ, ಅನ್ನ-ಬೇಳೆ ಒಟ್ಟಿಗೆ ಬೇಯಿಸುತ್ತದೆ, ಕೆಟ್ಟರೆ ಬೀದಿ ತುದಿಯಲ್ಲೇ ರಿಪೇರಿಯಾಗುತ್ತದೆ. ಕಾಳು, ಕುಸಲಕ್ಕಿ ಹೆಚ್ಚು ಬಳಸುವ ಮನೆಗೆ, ಗ್ಯಾಸ್ ಇಲ್ಲದ ಬಾಡಿಗೆ ಕೋಣೆಗೆ, ಒಲೆ ಮುಂದೆ ನಿಲ್ಲಲು ಪುರುಸೊತ್ತೇ ಇಲ್ಲದವರಿಗೆ ಎಲೆಕ್ಟ್ರಿಕ್ ಕುಕ್ಕರ್ ನಿಜವಾಗಿ ಉಪಕಾರಿ. ಜಾಹೀರಾತು ಹೇಳುವ ಹಾಗೆ ಅದು ಸಮಯ ಉಳಿಸುವುದಿಲ್ಲ. ಕಾವಲು ಕಾಯುವ ಕೆಲಸ ಉಳಿಸುತ್ತದೆ. ಕೊಳ್ಳುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು.

ವ್ಯತ್ಯಾಸದ ಮೂಲ ಒತ್ತಡದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿದರೂ ಗಟ್ಟಿ ಉಳಿಯುವುದಕ್ಕೆ ಇದೂ ಒಂದು ಕಾರಣ. ಒಲೆಯ ಕುಕ್ಕರ್ ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಒಳಗಿನ ಬಿಸಿ 120 ಡಿಗ್ರಿ ಹತ್ತಿರ. ಹೆಚ್ಚಿನ ಎಲೆಕ್ಟ್ರಿಕ್ ಕುಕ್ಕರ್‌ಗಳು 10ರಿಂದ 11.6 ಪೌಂಡ್‌ನಲ್ಲೇ ನಿಲ್ಲುತ್ತವೆ, ಅಂದರೆ ಸುಮಾರು 115 ಡಿಗ್ರಿ. ಐದು ಡಿಗ್ರಿ ಎಂದರೆ ಏನು ಮಹಾ ಅನ್ನಿಸಬಹುದು. ಬೇಳೆಯ ವಿಷಯದಲ್ಲಿ ಅದು ಮೂರು ನಾಲ್ಕು ನಿಮಿಷದ ಮಾತು, ಗಟ್ಟಿ ಕಾಳಿನ ವಿಷಯದಲ್ಲಿ ಹತ್ತು ನಿಮಿಷದ್ದು.

ಮೊದಲು ಒಲೆಯ ಕುಕ್ಕರಿನ ಅನ್ನ-ಬೇಳೆ. 200 ಮಿಲಿಯ ಲೋಟದ ಅಳತೆಯಲ್ಲಿ ನಾಲ್ಕು ಜನಕ್ಕೆ ಒಂದೂವರೆ ಲೋಟ ಸೋನಾ ಮಸೂರಿ, ಅದಕ್ಕೆ ಮೂರೂಕಾಲು ಲೋಟ ನೀರು. ಅರ್ಧ ಲೋಟ ತೊಗರಿಬೇಳೆಗೆ ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ಮೂರು ನಾಲ್ಕು ಹನಿ ಎಣ್ಣೆ. ಎಣ್ಣೆ ನೊರೆ ಏಳದಂತೆ ತಡೆಯುತ್ತದೆ, ಅದನ್ನು ಬಿಡಬಾರದು. ಕುಕ್ಕರಿನ ತಳಕ್ಕೆ ಎರಡು ಲೋಟ ನೀರು, ಜಾಲರಿ ತಟ್ಟೆ, ಅದರ ಮೇಲೆ ಬೇಳೆ ಡಬ್ಬಿ, ಅದರ ಮೇಲೆ ಅಕ್ಕಿ ಡಬ್ಬಿ. ಈ ಕ್ರಮ ತಿರುವುಮುರುವು ಮಾಡಿದರೆ ಉಕ್ಕಿದ ಬೇಳೆಯ ಹಳದಿ ನೊರೆ ಅನ್ನದ ಮೇಲೆ ಇಳಿಯುತ್ತದೆ. ಬೇಳೆ ಡಬ್ಬಿ ನೀರು ಸೇರಿ ಅರ್ಧಕ್ಕಿಂತ ಹೆಚ್ಚು, ಅಕ್ಕಿ ಡಬ್ಬಿ ಮೂರನೇ ಎರಡಕ್ಕಿಂತ ಹೆಚ್ಚು ತುಂಬಬಾರದು. ತಳದ ನೀರಿಗೆ ಹಿಂಡಿ ಉಳಿದ ನಿಂಬೆ ಸಿಪ್ಪೆಯನ್ನೋ ಹುಣಸೆ ನಾರನ್ನೋ ಹಾಕಿದರೆ ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ.

ಇನ್ನು ಸೀಟಿಯ ಲೆಕ್ಕ. 'ಮೂರು ಸೀಟಿ' ಎನ್ನುವುದು ಎಲ್ಲ ಮನೆಯ ಪಾಠ. ಆದರೆ ಸೀಟಿ ಗಡಿಯಾರವಲ್ಲ. ಉರಿ ಜೋರಾಗಿದ್ದರೆ ನಾಲ್ಕು ನಿಮಿಷದಲ್ಲಿ ಮೂರು ಸೀಟಿ ಮುಗಿದುಹೋಗುತ್ತದೆ, ಸಣ್ಣಗಿದ್ದರೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಬೇಳೆ ಬೇಯುವುದು ಒತ್ತಡದಲ್ಲಿ ಕಳೆದ ನಿಮಿಷಕ್ಕೆ, ಸದ್ದಿಗಲ್ಲ. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬಂದ ಕೂಡಲೇ ಉರಿಯನ್ನು ಪೂರ್ತಿ ಸಣ್ಣದು ಮಾಡಿ, ಎಂಟು ನಿಮಿಷ ಬಿಟ್ಟು ಆರಿಸುವುದು ಉತ್ತಮ. ಆ ಎಂಟು ನಿಮಿಷದಲ್ಲಿ ಇನ್ನೊಂದು ಸೀಟಿ ಬರಬಹುದು, ಬರದೆಯೂ ಇರಬಹುದು. ಬೇಳೆ ಪ್ರತಿಸಲ ಒಂದೇ ಹದಕ್ಕೆ ಬರುತ್ತದೆ, ಗ್ಯಾಸೂ ಉಳಿಯುತ್ತದೆ, ತಳದ ನೀರು ಆವಿಯಾಗಿ ಇಂಗುವ ಭಯವೂ ಇಲ್ಲ. ತಳದ ನೀರು ಬತ್ತಿದರೆ ಮೊದಲು ವಾಸನೆ, ಆಮೇಲೆ ಸುರಕ್ಷತಾ ವಾಲ್ವ್ ಕರಗುವುದು. ವಾಲ್ವ್ ಕರಗುವುದು ಕುಕ್ಕರಿನ ದೋಷವಲ್ಲ, ಅದರ ಕರ್ತವ್ಯ. ಕರಗಿದ ಜಾಗಕ್ಕೆ ಅದೇ ಕಂಪನಿಯ ವಾಲ್ವ್ ಹಾಕಿಸಬೇಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ್ದು ಯಾವ ಬಿಸಿಗೆ ಕರಗುತ್ತದೆ ಎಂಬ ಖಾತ್ರಿ ಇರುವುದಿಲ್ಲ.

ಉರಿ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲು ಎಂಟು ಹತ್ತು ನಿಮಿಷ ಬೇಕು. ಸ್ಟೀಲಿನದ್ದಾದರೆ ಬಿಸಿ ಹಿಡಿದಿಟ್ಟುಕೊಂಡು ಇನ್ನೂ ಸ್ವಲ್ಪ ತಡ. ಅವಸರಕ್ಕೆ ನಲ್ಲಿ ಕೆಳಗೆ ಹಿಡಿಯುವುದು, ಚಮಚದಿಂದ ಸೀಟಿಯ ತೂಕ ಎತ್ತುವುದು, ಇವೆರಡೂ ಡಬ್ಬಿ ಅಡುಗೆಗೆ ಕೇಡು. ಒಳಗೆ ನೂರು ಡಿಗ್ರಿಗಿಂತ ಮೇಲಿರುವ ನೀರು ಒತ್ತಡ ಹಠಾತ್ತಾಗಿ ಇಳಿದರೆ ಒಮ್ಮೆಲೇ ಕೊತಕೊತ ಕುದಿದು ಬೇಳೆಯನ್ನು ಡಬ್ಬಿಯಿಂದ ಹೊರಚೆಲ್ಲುತ್ತದೆ. 'ಬೇಳೆ ಎಲ್ಲ ತಳದ ನೀರಿಗೆ ಹೋಯಿತು' ಎಂಬ ದೂರಿಗೆ ಬಹುಮಟ್ಟಿಗೆ ಇದೇ ಕಾರಣ.

ಈ ಹತ್ತು ನಿಮಿಷವೇ ಸಾರಿನ ಸಮಯ. ಪಕ್ಕದ ಒಲೆಯಲ್ಲಿ ಎರಡು ಟೊಮೇಟೊ, ಗೋಲಿ ಗಾತ್ರದ ಹುಣಸೆಯ ರಸ, ಒಂದೂವರೆ ಚಮಚ ಸಾರಿನ ಪುಡಿ, ಉಪ್ಪು, ಕಡಲೆಕಾಳಿನಷ್ಟು ಬೆಲ್ಲ, ಕರಿಬೇವು, ಮೂರು ಲೋಟ ನೀರು. ಹುಣಸೆಯ ಹಸಿ ವಾಸನೆ ಹೋಗಲು ಏಳೆಂಟು ನಿಮಿಷ. ಅಷ್ಟರಲ್ಲಿ ಕುಕ್ಕರ್ ತೆರೆಯಲು ಬರುತ್ತದೆ. ಬೇಳೆ ಕಡೆದು ಹಾಕಿ, ಅಂಚಿನಲ್ಲಿ ನೊರೆ ಕಟ್ಟಿ ಒಂದು ಕುದಿ ಬಂದ ಕೂಡಲೇ ಇಳಿಸಬೇಕು. ಬೇಳೆ ಬಿದ್ದ ಮೇಲೆ ಹತ್ತು ನಿಮಿಷ ಕುದಿಸಿದರೆ ಪುಡಿಯ ಪರಿಮಳವೆಲ್ಲ ಹಾರಿಹೋಗಿ ಸಾರು ಮಂಕಾಗುತ್ತದೆ. ತುಪ್ಪ, ಸಾಸಿವೆ, ಇಂಗಿನ ಒಗ್ಗರಣೆ ಕೊನೆಗೆ. ಒಟ್ಟು ಇಪ್ಪತ್ತೇಳು ಇಪ್ಪತ್ತೆಂಟು ನಿಮಿಷ, ಪಲ್ಯಕ್ಕೆ ಇನ್ನೊಂದು ಒಲೆ ಇದ್ದರೆ ಅದೂ ಇದರೊಳಗೇ. ಈ ಹೊಂದಿಕೆ ಇಷ್ಟು ಸಲೀಸಾಗಿರುವುದು ಆಕಸ್ಮಿಕವಲ್ಲ, ನಮ್ಮ ಅಡುಗೆಮನೆಗಳು ಎಷ್ಟೋ ವರ್ಷ ಈ ಕುಕ್ಕರಿನ ಸುತ್ತಲೇ ತಮ್ಮ ಕ್ರಮವನ್ನು ಕಟ್ಟಿಕೊಂಡಿವೆ.

ಇದೇ ಊಟವನ್ನು ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮಾಡಬೇಕಾದರೆ ತಳದ ಪಾತ್ರೆಗೇ ಬೇಳೆ: ಮುಕ್ಕಾಲು ಲೋಟ ಬೇಳೆ, ಎರಡೂವರೆ ಲೋಟ ನೀರು, ಅರಿಶಿನ, ಎಣ್ಣೆ. ಅದರೊಳಗೆ ಎತ್ತರದ ಕಾಲುಗಳ ಸ್ಟ್ಯಾಂಡ್, ಮೇಲೆ ಸ್ಟೀಲ್ ಪಾತ್ರೆಯಲ್ಲಿ ಅಕ್ಕಿ ಮತ್ತು ಎರಡರಷ್ಟು ನೀರು. ಹೆಚ್ಚಿನ ಒತ್ತಡದಲ್ಲಿ ಹತ್ತು ನಿಮಿಷ, ನಂತರ ಹತ್ತು ನಿಮಿಷ ತಾನಾಗಿ ಇಳಿಯಲು ಬಿಟ್ಟು ಉಳಿದ ಆವಿ ಬಿಡುವುದು. ಪರದೆಯ ಮೇಲೆ ಕಾಣುವ '10' ನೋಡಿ ಹತ್ತೇ ನಿಮಿಷ ಎಂದುಕೊಳ್ಳಬಾರದು. ಒತ್ತಡ ಏರಲು ಹತ್ತರಿಂದ ಹನ್ನೆರಡು ನಿಮಿಷ ಹಿಡಿಯುತ್ತದೆ, ಅದನ್ನು ಯಂತ್ರ ಲೆಕ್ಕಕ್ಕೆ ತೋರಿಸುವುದಿಲ್ಲ. ಜತೆ ಬಂದ ಸ್ಟ್ಯಾಂಡು ಗಿಡ್ಡ, ಬೇಳೆ ಉಕ್ಕಿದರೆ ಅಕ್ಕಿ ಪಾತ್ರೆಯ ತಳಕ್ಕೆ ಅಂಟುತ್ತದೆ. ಎತ್ತರದ್ದು ಬೇರೆ ಕೊಳ್ಳಬೇಕು. ಒಟ್ಟು ಮೂವತ್ತೈದು ನಿಮಿಷದ ಹತ್ತಿರ, ಸಾರು ಇನ್ನೂ ಆಗಬೇಕು. ಆದರೆ ಈ ಮೂವತ್ತೈದು ನಿಮಿಷದಲ್ಲಿ ಅಡುಗೆಮನೆಯಲ್ಲಿ ಯಾರೂ ಇರಬೇಕಿಲ್ಲ. ಮಗುವಿನ ಹೋಮ್‌ವರ್ಕ್ ನೋಡಬಹುದು, ಸ್ನಾನಕ್ಕೆ ಹೋಗಬಹುದು, ಮೆಡಿಕಲ್ ಶಾಪಿಗೆ ಹೋಗಿಬರಬಹುದು. ಇದು ಸಣ್ಣ ಲಾಭವಲ್ಲ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ, ಉರಿ ಆರಿಸಲು ಮರೆಯುವ ಭಯವಿರುವಲ್ಲಿ, ಈ ಒಂದು ಗುಣಕ್ಕೇ ಅದನ್ನು ಕೊಳ್ಳಬಹುದು.

ಸಾರನ್ನೂ ಅದರಲ್ಲೇ ಒಂದೇಟಿಗೆ ಮಾಡಲು ಹೊರಟು ಬೇಳೆ, ಟೊಮೇಟೊ, ಹುಣಸೆರಸ ಎಲ್ಲ ಒಟ್ಟಿಗೆ ಸುರಿಯುವವರಿದ್ದಾರೆ. ಬೇಳೆ ಅರೆಬೆಂದು ನಿಲ್ಲುತ್ತದೆ. ಕಾಳಿನ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗುವುದಿಲ್ಲ. 115 ಡಿಗ್ರಿಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಹುಳಿ ಯಾವಾಗಲೂ ಬೇಳೆ ಬೆಂದ ಮೇಲೆಯೇ. ಬೋರ್‌ವೆಲ್ ನೀರಿನ ತೊಂದರೆಯೂ ಇದೇ ಜಾತಿಯದ್ದು, ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೆಕ್ಟಿನ್ ಜತೆ ಸೇರಿ ಬೇಳೆಯನ್ನು ಬಿಗಿ ಮಾಡುತ್ತವೆ. ಕುಡಿಯುವ ನೀರಿನಲ್ಲಿ ಬೇಯಿಸಿದರೆ ಬೆಂದು, ಬೋರ್ ನೀರಿನಲ್ಲಿ ಬೇಯದಿದ್ದರೆ ಕುಕ್ಕರನ್ನು ದೂರಬೇಡಿ. ಹಳೆಯ ದಾಸ್ತಾನಿನ ಬೇಳೆಗೆ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸುವುದು ಮದ್ದು. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ರುಚಿ ಸಪ್ಪೆ, ಬಿ1 ಜೀವಸತ್ವವೂ ನಷ್ಟ. ಬೇಳೆ ಬದಲಿಸುವುದು ಲೇಸು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹೊಸ ಬೆಳೆ ಸಿಕ್ಕರೆ ಎರಡು ಕುಕ್ಕರಿನ ನಡುವಿನ ವ್ಯತ್ಯಾಸವೇ ಬಹಳ ಕಡಿಮೆಯಾಗಿಬಿಡುತ್ತದೆ.

ಬಿಸಿಬೇಳೆಬಾತ್, ಪೊಂಗಲ್, ಹುಗ್ಗಿ: ಒಂದೇ ಪಾತ್ರೆಯ ಊಟದ ಪಂಥ ಬೇರೆಯೇ. ರಾತ್ರಿ ಪಾತ್ರೆ ತೊಳೆಯುವವರಿಗೆ ಇದರ ಬೆಲೆ ಗೊತ್ತು. ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ತೊಗರಿಬೇಳೆ, ಆರು ಲೋಟ ನೀರು, ಅರಿಶಿನ, ಹುರುಳಿಕಾಯಿ, ಗಜ್ಜರಿ, ನವಿಲುಕೋಸು, ಬಟಾಣಿ. ಒಲೆಯ ಕುಕ್ಕರಿನಲ್ಲಿ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ತೆರೆದ ಮೇಲೆ ಹುಣಸೆರಸ, ಮೂರು ಚಮಚ ಬಿಸಿಬೇಳೆಬಾತ್ ಪುಡಿ, ಬೆಲ್ಲ, ಉಪ್ಪು, ಬೇಕಾದಷ್ಟು ಬಿಸಿನೀರು. ಆರು ನಿಮಿಷ ಕುದಿ. ತಣಿದಂತೆ ಗಟ್ಟಿಯಾಗುವುದರಿಂದ ಇಳಿಸುವಾಗ ಸುರಿಯುವಷ್ಟು ತೆಳ್ಳಗಿರಬೇಕು. ಎಲೆಕ್ಟ್ರಿಕ್‌ನಲ್ಲಿ ಇದೇ ಅಡುಗೆ 'ಬರ್ನ್' ಎಂಬ ಸಂದೇಶ ತರುತ್ತದೆ: ಗಂಜಿ ತಳಕ್ಕಿಳಿದು, ಬಿಸಿ ಅಳೆಯುವ ಸಂವೇದಕದ ಮೇಲೆ ಕಂತೆಯಾಗಿ ಕೂತು, ಯಂತ್ರ ಬಿಸಿ ಮಾಡುವುದನ್ನೇ ನಿಲ್ಲಿಸುತ್ತದೆ. ತಪ್ಪಿಸುವ ದಾರಿ ಇದೆ. ಒಗ್ಗರಣೆ ಮಾಡಿದ್ದರೆ ನೀರು ಹಾಕಿ ತಳವನ್ನು ಮರದ ಸೌಟಿನಿಂದ ಕೆರೆಯಬೇಕು, ತರಕಾರಿ ಕೆಳಗೆ, ಅಕ್ಕಿ-ಬೇಳೆ ಮೇಲೆ, ಪುಡಿ ಮಾತ್ರ ಕೊನೆಗೇ. ಪುಡಿಯನ್ನು ಮೊದಲೇ ಹಾಕಿ ಮುಚ್ಚಿದರೆ ಬಹುಪಾಲು ಸಲ ಬರ್ನ್ ಬಂದೇ ಬರುತ್ತದೆ. ಅಕ್ಕಿ-ಬೇಳೆ ಉಬ್ಬುವ ಪದಾರ್ಥವಾದ್ದರಿಂದ ಎರಡೂ ಬಗೆಯ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬುವಂತಿಲ್ಲ.

ಒಗ್ಗರಣೆಯ ಮಾತು ಬಂತು. ಎಲೆಕ್ಟ್ರಿಕ್ ಕುಕ್ಕರಿನ 'ಸಾಟೆ' ಗುಂಡಿ ಈರುಳ್ಳಿ ಬಾಡಿಸಲು ಸಾಕು, ಸಾಸಿವೆಗೆ ಅಷ್ಟಕ್ಕಷ್ಟೆ. ಹಲವು ಮಾದರಿಗಳಲ್ಲಿ ಒಳಪಾತ್ರೆಯ ತಳ ನಡುವೆ ತುಸು ಉಬ್ಬಿದೆ. ಎರಡು ಚಮಚ ಎಣ್ಣೆ ಅಂಚಿಗೆ ಓಡಿ, ನಡುವಿನ ಸಾಸಿವೆ ಸಿಡಿಯದೆ ಸುಡುತ್ತದೆ. ಚಿಕ್ಕ ಒಗ್ಗರಣೆ ಸೌಟು, ಅದಕ್ಕೊಂದು ಉರಿ ಬೇಕೇ ಬೇಕು. ಆದ್ದರಿಂದ 'ಒಲೆಯೇ ಬೇಡ' ಎಂಬ ಮಾತು ನಮ್ಮ ಅಡುಗೆಗೆ ಪೂರ್ತಿ ಹೊಂದುವುದಿಲ್ಲ.

ಎಲೆಕ್ಟ್ರಿಕ್ ನಿಜವಾಗಿ ಗೆಲ್ಲುವುದು ಕಾಳು ಮತ್ತು ಕುಸಲಕ್ಕಿಯಲ್ಲಿ. ಕರಾವಳಿಯ ಕೆಂಪು ಕುಸಲಕ್ಕಿ ಒಲೆಯ ಮೇಲೆ ಬಹಳ ಹೊತ್ತು ಬೇಡುತ್ತದೆ, ಗಂಜಿ ಉಕ್ಕಿ ಸೀಟಿಯಿಂದ ಹೊರಬಂದು ಒಲೆಯೆಲ್ಲ ಅಂಟು. ಎಲೆಕ್ಟ್ರಿಕ್‌ನಲ್ಲಿ ಒಂದಕ್ಕೆ ನಾಲ್ಕರಷ್ಟು ನೀರು, 25ರಿಂದ 30 ನಿಮಿಷ, ತಾನಾಗಿ ಇಳಿಯಲು ಬಿಟ್ಟರೆ ಆಯಿತು. ತಿಳಿ ಬಸಿದರೆ ಅನ್ನ, ಹಾಗೇ ಬಿಟ್ಟರೆ ಗಂಜಿ. ಆವಿಯನ್ನು ಗುಂಡಿಯೊತ್ತಿ ಬಿಡಬಾರದು, ತೆಳ್ಳನೆಯ ಗಂಜಿ ಕಾರಂಜಿಯಾಗಿ ಮೇಲೆದ್ದು ಕೈ ಸುಡುತ್ತದೆ. ರಾತ್ರಿಯಿಡೀ ನೆನೆದ ಹುರುಳಿಗೆ 20 ನಿಮಿಷ, ಅದರ ಕಟ್ಟಿನಲ್ಲಿ ಸಾರು. ಅವರೆಕಾಳಿನ ಕಾಲದಲ್ಲಿ ಎಳೆಯ ಹಸಿ ಕಾಳಿಗೆ ಮಾತ್ರ ಯಾವ ಯಂತ್ರವೂ ಬೇಡ, ತೆರೆದ ಪಾತ್ರೆಯಲ್ಲೇ ಬೇಯುತ್ತದೆ. ಒತ್ತಡಕ್ಕೆ ಸಿಕ್ಕರೆ ಸಿಪ್ಪೆ ಬಿಟ್ಟು ಮುದ್ದೆಯಾಗುತ್ತದೆ. ರಾಜ್ಮಾ ಬೇಯಿಸುವವರಿಗೆ ಒಂದು ಎಚ್ಚರಿಕೆ: 'ಸ್ಲೋ ಕುಕ್' ಗುಂಡಿಯಲ್ಲಿ ಹಸಿ ರಾಜ್ಮಾ ಬೇಯಿಸಬಾರದು. ಅದರಲ್ಲಿರುವ ನಂಜಿನ ಅಂಶ ಕಡಿಮೆ ಬಿಸಿಗೆ ಸಾಯುವುದಿಲ್ಲ, ಹೊಟ್ಟೆ ಕೆಡುತ್ತದೆ. ಒತ್ತಡದಲ್ಲೇ ಬೇಯಿಸಿ.

ಮುದ್ದೆ ಉಣ್ಣುವ ಮನೆಗೆ ಎರಡೂ ಕುಕ್ಕರ್‌ಗಳ ಪಾತ್ರ ಸಾರಿಗಷ್ಟೇ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು ಮರಳಿಸಿ, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟು, ಆಮೇಲೆ ಕೋಲಿನಿಂದ ತೊಳಸಬೇಕು. ಇದಕ್ಕೆ ದಪ್ಪ ತಳ, ತೋಳಿನ ಬಲ, ಅಲುಗದ ಪಾತ್ರೆ ಬೇಕು. ಎಲೆಕ್ಟ್ರಿಕ್ ಕುಕ್ಕರಿನ ಸಡಿಲ ಒಳಪಾತ್ರೆ ಕೋಲಿನ ಜತೆಗೇ ತಿರುಗುತ್ತದೆ. ಒಲೆಯ ಕುಕ್ಕರಿನ ದಪ್ಪ ತಳದ ಪಾತ್ರೆಯನ್ನು ಮುಚ್ಚಳವಿಲ್ಲದೆ ಇದಕ್ಕೆ ಬಳಸಬಹುದು, ಚೆನ್ನಾಗಿ ಆಗುತ್ತದೆ. ಬಸ್ಸಾರಿನ ಸೊಪ್ಪನ್ನೂ ಎಲೆಕ್ಟ್ರಿಕ್‌ಗೆ ಹಾಕುವುದು ಬೇಡ: ಬಿಸಿ ಏರುವುದೂ ಇಳಿಯುವುದೂ ನಿಧಾನವಾದ್ದರಿಂದ ದಂಟು, ಕೀರೆ ಕಂದುಬಣ್ಣಕ್ಕೆ ತಿರುಗುತ್ತವೆ. ಕಾಳು ಮಾತ್ರ ಬೇಯಿಸಿಕೊಂಡು, ಸೊಪ್ಪನ್ನು ತೆರೆದ ಪಾತ್ರೆಯಲ್ಲಿ ಐದು ನಿಮಿಷ ಸೇರಿಸಿ ಬಸಿಯಿರಿ. ಉತ್ತರ ಕರ್ನಾಟಕದ ಕಡೆ ಡಬ್ಬಿಯಲ್ಲಿ ಕಟಕ ರೊಟ್ಟಿ ಇರುವ ಮನೆಗಳ ರಾತ್ರಿ ಅಡುಗೆ ಇನ್ನೂ ಹಗುರ. ಹತ್ತು ನಿಮಿಷದ ಝುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಊಟ ಸಿದ್ಧ, ಕುಕ್ಕರಿನ ಚರ್ಚೆಯೇ ಬೇಕಿಲ್ಲ.

ಬೆಳಗ್ಗೆಯೇ ತುಂಬಿಟ್ಟು ಸಂಜೆಗೆ ತಾನಾಗಿ ಶುರುವಾಗುವ ಸೌಲಭ್ಯವನ್ನು ಎಲೆಕ್ಟ್ರಿಕ್ ಕಂಪನಿಗಳು ದೊಡ್ಡದಾಗಿ ಹೇಳುತ್ತವೆ. ಗಟ್ಟಿ ಕಾಳಿಗೆ, ಬೆಂಗಳೂರಿನ ಚಳಿಗಾಲದಲ್ಲಿ, ಇದು ಉಪಯೋಗಕ್ಕೆ ಬರುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಎಂಟು ಹತ್ತು ಗಂಟೆ ನೀರಿನಲ್ಲಿ ನೆನೆದ ತೊಗರಿಬೇಳೆ ಹುಳಿ ವಾಸನೆ ಹಿಡಿಯುತ್ತದೆ. ಜತೆಗೆ ಸಂಜೆ ಆ ಹೊತ್ತಿಗೆ ಕರೆಂಟ್ ಇರಬೇಕು. ನಡುವೆ ಕರೆಂಟ್ ಹೋಗಿ ಬಂದರೆ ಕೆಲವು ಮಾದರಿಗಳು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಒತ್ತಬೇಕು. ಲೋಡ್ ಶೆಡ್ಡಿಂಗ್ ಇರುವ ಊರಿನವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು. ಖರ್ಚಿನ ಬಗ್ಗೆ ಹೆದರಬೇಕಿಲ್ಲ: 1000 ವಾಟ್‌ನ ಕುಕ್ಕರ್ ಒಂದು ಊಟಕ್ಕೆ ಇಪ್ಪತ್ತು ನಿಮಿಷ ಪೂರ್ತಿ ಉರಿದರೂ ಮೂರನೇ ಒಂದು ಯೂನಿಟ್.

ಕೊಳ್ಳುವಾಗ ಗಾತ್ರದಲ್ಲಿ ಎಡವಬೇಡಿ. ಇಬ್ಬರಿಗೆ ಮೂರು ಲೀಟರ್ ಸಾಕೆನಿಸುತ್ತದೆ, ಆದರೆ ಅದರಲ್ಲಿ ಎರಡು ಡಬ್ಬಿ ಕೂರುವುದು ಕಷ್ಟ. ಅನ್ನ-ಬೇಳೆ ಒಟ್ಟಿಗೆ ಬೇಕಿದ್ದರೆ ಐದು ಲೀಟರ್. ಎತ್ತರದ ಡಬ್ಬಿಗಳಿಗೆ ಹೊರಮುಚ್ಚಳದ ಕುಕ್ಕರ್ ಅನುಕೂಲ. ಒಳಮುಚ್ಚಳದ್ದು ಬಾಯಿ ಕಿರಿದು, ಡಬ್ಬಿ ಇಳಿಸುವುದು ತೆಗೆಯುವುದು ತುಸು ಕಿರಿಕಿರಿ. ಅದರ ಬದಲಿಗೆ ಒಳಮುಚ್ಚಳದಲ್ಲಿ ಒಂದು ದೊಡ್ಡ ಗುಣವಿದೆ, ಒತ್ತಡ ಇಳಿಯುವ ತನಕ ಒಳಗಿನ ಆವಿಯೇ ಮುಚ್ಚಳವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ, ತೆರೆಯಲು ಬರುವುದೇ ಇಲ್ಲ. ಚಿಕ್ಕ ಮಕ್ಕಳಿರುವ, ಅವಸರದವರಿರುವ ಮನೆಗೆ ಅದೇ ಒಳ್ಳೆಯದು. ಇಂಡಕ್ಷನ್ ಒಲೆ ಇದ್ದರೆ ಸಾದಾ ಅಲ್ಯೂಮಿನಿಯಂ ನಡೆಯುವುದಿಲ್ಲ, ಇಂಡಕ್ಷನ್ ತಳ ಎಂದು ಬರೆದಿರಬೇಕು. ಐಎಸ್‌ಐ ಗುರುತು, ಐಎಸ್ 2347 ಸಂಖ್ಯೆ ನೋಡಿ; 2021ರ ಫೆಬ್ರವರಿಯಿಂದ ದೇಶದಲ್ಲಿ ಮಾರುವ ಗೃಹಬಳಕೆಯ ಪ್ರೆಶರ್ ಕುಕ್ಕರ್‌ಗೆ ಇದು ಕಡ್ಡಾಯ. ಆನ್‌ಲೈನ್‌ನಲ್ಲಿ ಅತಿ ಅಗ್ಗಕ್ಕೆ ಸಿಗುವುದರಲ್ಲಿ ಈ ಗುರುತು ಇಲ್ಲದಿದ್ದರೆ ಮುಟ್ಟಬೇಡಿ.

ಎಲೆಕ್ಟ್ರಿಕ್ ಕುಕ್ಕರಿಗೆ ಒಲೆಯದರ ಮೂರ್ನಾಲ್ಕು ಪಟ್ಟು ಬೆಲೆ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆ ಬೇಡ: ಅಲ್ಲಿಯದ್ದು 120 ವೋಲ್ಟಿನದು, ಇಲ್ಲಿಯ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, 1000 ವಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ದುಬಾರಿ ಮತ್ತು ಭಾರ. ಇನ್‌ಸ್ಟಂಟ್ ಪಾಟ್‌ನ ಮಾತೃಸಂಸ್ಥೆ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತ್ತು. ಯಾವ ಬ್ರಾಂಡೇ ಆಗಲಿ, ಸೀಲ್ ರಿಂಗ್, ಒಳಪಾತ್ರೆ, ತೇಲುವ ವಾಲ್ವ್ ಬಿಡಿಯಾಗಿ ನಿಮ್ಮ ಊರಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಒಲೆಯ ಕುಕ್ಕರಿನ ಗ್ಯಾಸ್ಕೆಟ್ ಅಂಚಿನಿಂದ ಆವಿ ಸೋರತೊಡಗಿದರೆ ಹಿಟ್ಟು ಮೆತ್ತುವ ಉಪಾಯ ಬೇಡ. ರಬ್ಬರ್ ಗಡಸಾಗಿದೆ ಎಂದರ್ಥ, ಹೊಸದು ಹಾಕಿ. ಪ್ರತಿದಿನ ಬಳಸುವವರಿಗೆ ವರ್ಷಕ್ಕೊಮ್ಮೆ ಬದಲಿಸುವ ರೂಢಿ ಒಳ್ಳೆಯದು. ಸೀಟಿಯ ತೂಕದ ಕೆಳಗಿನ ಆವಿ ಕೊಳವೆಯನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಒಣಗಿದ ಬೇಳೆ ಸಿಪ್ಪೆ ಕೂತಿದ್ದರೆ ಸೂಜಿಯಿಂದ ತೆಗೆಯಿರಿ. ಎಲೆಕ್ಟ್ರಿಕ್‌ನ ಸಿಲಿಕೋನ್ ರಿಂಗ್ ಸೋರುವುದು ಕಡಿಮೆ, ವಾಸನೆ ಹಿಡಿಯುವುದು ಹೆಚ್ಚು. ಹುಳಿ, ಸಾರಿಗೆ ಒಂದು ರಿಂಗ್, ಪಾಯಸ ಮತ್ತು ಬರಿ ಅನ್ನಕ್ಕೆ ಇನ್ನೊಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಬ್ಬದ ದಿನದ ಪಾಯಸ ಇಂಗಿನ ವಾಸನೆ ಹೊತ್ತು ಬರುತ್ತದೆ.